ಪುಸ್ತಕ ಇಲ್ದನೂ ಓದ್ತಾಳ್ರಿ

ಬುದ್ಧಿ ಚುರುಕಿದ್ದೂ ಓದು-ಬರಹದಲ್ಲಿ ಎಡವುವ ಮಕ್ಕಳು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬಳ ಕಥೆ ಬರೆಯುತ್ತಿದ್ದೇನೆ.

ಬಾಗಲಕೋಟೆ ಜಿಲ್ಲೆಯ ಹುಡುಗಿ, ನಾಲ್ಕನೇ ಕ್ಲಾಸು. ಅಪ್ಪ ಇಳಕಲ್ ಸೀರೆ ನೇಯುತ್ತಾರೆ. ಬಾಯಲ್ಲಿ ಕೇಳಿದರೆ ಉತ್ತರ ಚುರುಕು, ಡಿಕ್ಟೇಷನ್ ದಿನ ಮಾತ್ರ ಹೊಟ್ಟೆನೋವು. ಬರೆದದ್ದರಲ್ಲಿ ಒತ್ತಕ್ಷರವೇ ಇಲ್ಲ. ಶಾಲೆಯವರ ಪ್ರಕಾರ ಸೋಮಾರಿ.

ಅಮ್ಮ ಒಪ್ಪಲಿಲ್ಲ. “ಭಾಳ ಶಾಣ್ಯಾಕಿ ಮೇಡಂ. ಪುಸ್ತಕ ಇಲ್ದನೂ ಓದ್ತಾಳ್ರಿ.”

ನನ್ನ ಕಿವಿ ನೆಟ್ಟಗಾಯಿತು. ಪಾಠ ಓದಿಸಿದೆ. ಪಟಪಟ ಓದಿದಳು. ಬೆರಳು ಮೊದಲ ಸಾಲಿನಲ್ಲಿ, ಬಾಯಿ ಮೂರನೇ ಸಾಲಿನಲ್ಲಿ! ಅದೇ ಪಾಠದ ಪದಗಳನ್ನು ಹಿಂದುಮುಂದು ಮಾಡಿ ಹಾಳೆಯಲ್ಲಿ ಬರೆದುಕೊಟ್ಟೆ: ‘ಅಜ್ಜಿ ಬಂಡಿ ಹತ್ತಿದಳು’. “ಅ... ಜಿ...” ಅಂದಳು. ‘ಬಂಡಿ’ ಇದ್ದಲ್ಲಿ “ಬಾಳೆ” ಅಂದಳು. ಆಮೇಲೆ ನನ್ನ ಮುಖ ನೋಡುತ್ತಾ ಕೂತಳು.

ಅಪ್ಪ ಮೆಲ್ಲಗೆ ಹೇಳಿದರು, “ನಾನೂ ಹಿಂಗ ಇದ್ದೆ ಬಿಡ್ರಿ. ಐದಕ್ಕ ಸಾಲಿ ಬಿಟ್ಟೆ.” ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಅಕ್ಷರ ಓದಲು-ಬರೆಯಲು ಕಷ್ಟಪಡುವ ತೊಂದರೆ, ಎಷ್ಟೋ ಸಲ ಮನೆತನದಲ್ಲೇ ಬರುತ್ತದೆ. ಇಳಕಲ್ ಸೀರೆಯ ತೋಪು ತೆನೆ ಸೆರಗಿನ ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡ ಮನುಷ್ಯ ದಡ್ಡನಾ?

ಕನ್ನಡದಲ್ಲಿ ಡಿಸ್ಲೆಕ್ಸಿಯಾ ಬೇಗ ಸಿಕ್ಕಿಬೀಳುವುದಿಲ್ಲ. ಬರೆದಂತೆ ಓದುವ ಭಾಷೆ, ಹಾಗಾಗಿ ಮಗು ತಪ್ಪು ಓದುವುದಕ್ಕಿಂತ ನಿಧಾನವಾಗಿ ಓದುವುದೇ ಜಾಸ್ತಿ. ಒತ್ತು ಬಿಡುವುದು, ದ–ಧ, ಮ–ಯ ಅದಲುಬದಲು ಮಾಡುವುದು ಒಂದು, ಎರಡನೇ ಕ್ಲಾಸಿನಲ್ಲಿ ಎಷ್ಟೋ ಮಕ್ಕಳದ್ದು ಇರುತ್ತದೆ. ನಾಲ್ಕಕ್ಕೆ ಬಂದರೂ ಹೋಗದಿದ್ದರೆ ಸುಮ್ನೆ ಕೂರಬಾರದು.

ಮೊದಲು ಕಣ್ಣು, ಕಿವಿ ತೋರಿಸಿ ಅಂದೆ. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿ ಅಂದೆ. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದು ಬಂದ್. ವಾರಕ್ಕೆ ಒಂದೇ ಒತ್ತು, ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಯಬೇಕು. ಇಂಗ್ಲಿಷ್ ಮೀಡಿಯಂಗೆ ಹಾಕಲಾ ಅಂತ ಅಮ್ಮ ಕೇಳಿದರು. ಬೇಡವೇ ಬೇಡ ಅಂದೆ, ಸ್ವಲ್ಪ ಜೋರಾಗಿಯೇ. ಆ ಸ್ಪೆಲಿಂಗು ಇಂಥ ಮಕ್ಕಳಿಗೆ ಇನ್ನೂ ಕಷ್ಟ.

ಮಗುವಿಗೆ ಹಣೆಪಟ್ಟಿ ಹಚ್ಚುತ್ತೀರಿ ಅಂತ ನನ್ನನ್ನು ಬೈಯುವವರಿದ್ದಾರೆ. ‘ಸೋಮಾರಿ’ ಅನ್ನೋದು ಹಣೆಪಟ್ಟಿ ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು.

ಮೂರು ತಿಂಗಳ ನಂತರ ಬಂದರು. ಹುಡುಗಿ ಹೊಸ ಹಾಳೆಯ ನಾಲ್ಕು ಸಾಲನ್ನು ಬೆರಳಿಟ್ಟು ಓದಿದಳು. ಬೆರಳು ಎಲ್ಲಿತ್ತೋ ಬಾಯಿಯೂ ಅಲ್ಲೇ. ಅಮ್ಮನಿಗೆ ಮಾತ್ರ ಬೇಜಾರು. “ಮೊದ್ಲ ಪಟಪಟ ಓದ್ತಿದ್ಳು ಮೇಡಂ. ಈಗ ಯಾಕೋ ನಿಧಾನ ಆಗ್ಯಾಳ.”