ಸಂಪಾದಕರ ಉತ್ತರ: ಮಾತಿ ಡಿಯೋಪ್ ಯಾವ ದೇಶದ ನಿರ್ದೇಶಕಿ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಮಾತಿ ಡಿಯೋಪ್ ಕುರಿತ ಲೇಖನವನ್ನು ಓದಿ ನೀವು ಬರೆದ ದೀರ್ಘ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿಯಾಗಿ ಅಚ್ಚು ಮಾಡಲಾಗುತ್ತಿಲ್ಲ. ಉಳಿದ ಓದುಗರ ಅನುಕೂಲಕ್ಕಾಗಿ ಅದರ ತಿರುಳನ್ನು ಹೇಳಿಬಿಡುತ್ತೇನೆ. ಪ್ಯಾರಿಸ್‌ನಲ್ಲಿ ಹುಟ್ಟಿ ಅಲ್ಲೇ ಬೆಳೆದವರನ್ನು ನಮ್ಮ ಲೇಖನ ‘ಸೆನೆಗಲ್‌ನ ನಿರ್ದೇಶಕಿ’ ಎಂದು ಕರೆದದ್ದು ನಿಮಗೆ ಸರಿ ಕಂಡಿಲ್ಲ. ಅವರ ಚಿತ್ರಗಳಿಗೆ ಹಣ ಹಾಕುವುದು ಫ್ರಾನ್ಸ್, ಆಸ್ಕರ್‌ಗೆ ಕಳುಹಿಸುವುದು ಸೆನೆಗಲ್. ಇದು ಎರಡು ದೋಣಿಯ ಮೇಲೆ ಕಾಲಿಟ್ಟವರಿಗೆ ಸಿಗುವ ಲಾಭ ಎಂದಿದ್ದೀರಿ. ಆಫ್ರಿಕದ ದುಃಖವನ್ನು ಯುರೋಪಿನ ಚಿತ್ರೋತ್ಸವಗಳಲ್ಲಿ ಮಾರುವವರ ಸಾಲಿಗೆ ಇವರೂ ಸೇರುತ್ತಾರೆ ಎಂಬುದು ನಿಮ್ಮ ಕೊನೆಯ, ಅತ್ಯಂತ ಖಾರವಾದ ಮಾತು. ತಿದ್ದುಪಡಿ ಪ್ರಕಟಿಸಬೇಕೆಂದು ಕೇಳಿದ್ದೀರಿ.

ಹುಟ್ಟಿನ ವಿವರಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಡಿಯೋಪ್ ಹುಟ್ಟಿದ್ದು 1982ರಲ್ಲಿ, ಪ್ಯಾರಿಸ್‌ನಲ್ಲಿ. ತಾಯಿ ಫ್ರೆಂಚ್ ಮಹಿಳೆ. ತಂದೆ ಸೆನೆಗಲ್‌ನ ಸಂಗೀತಗಾರ ವಾಸಿಸ್ ಡಿಯೋಪ್. ತಂದೆಯ ಅಣ್ಣ ಜಿಬ್ರಿಲ್ ಡಿಯೋಪ್ ಮಂಬೆಟಿ ಆಫ್ರಿಕದ ಸಿನಿಮಾದ ದೊಡ್ಡ ಹೆಸರು. ಅವರ 1973ರ ‘ಟುಕಿ ಬುಕಿ’ಯಲ್ಲಿ ಮೋರಿ ಮತ್ತು ಅಂಟಾ ಎಂಬ ಇಬ್ಬರು ತರುಣ ಪ್ರೇಮಿಗಳು ಎತ್ತಿನ ಕೊಂಬು ಕಟ್ಟಿದ ಮೋಟಾರ್ ಸೈಕಲ್ ಏರಿ, ಪ್ಯಾರಿಸ್‌ಗೆ ಹೋಗುವ ಕನಸಿನಲ್ಲಿ ಸೆನೆಗಲ್‌ನ ರಾಜಧಾನಿ ಡಾಕಾರ್ ನಗರವನ್ನು ಸುತ್ತುತ್ತಾರೆ. ಕೊನೆಗೆ ಬಂದರಿನಲ್ಲಿ ಅಂಟಾ ಹಡಗು ಹತ್ತುತ್ತಾಳೆ, ಮೋರಿ ಹಿಂದಿರುಗಿ ಓಡುತ್ತಾನೆ. ಈ ದೊಡ್ಡಪ್ಪ 1998ರಲ್ಲಿ ತೀರಿಕೊಂಡಾಗ ಮಾತಿ ಡಿಯೋಪ್‌ಗೆ ಹದಿನಾರು ವರ್ಷ. ಹತ್ತು ವರ್ಷಗಳ ನಂತರ, 2008ರಲ್ಲಿ, ಅವರು ಫ್ರೆಂಚ್ ನಿರ್ದೇಶಕಿ ಕ್ಲೇರ್ ಡೆನಿ ಅವರ ಚಿತ್ರವೊಂದರ ಪ್ರಧಾನ ಪಾತ್ರದಲ್ಲಿ ಕಾಣಿಸಿಕೊಂಡರು. ಫ್ರೆಂಚ್ ಸಿನಿಮಾದಲ್ಲಿ ನಟಿಯಾಗಿ ನೆಲೆಯೂರಲು ಇದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ. ಆದರೆ ಅವರು ಕ್ಯಾಮೆರಾ ಹಿಡಿದು ಡಾಕಾರ್‌ಗೆ ಹೊರಟರು.

ಅವರು ಹೋದ ಕಾಲವನ್ನೂ ನೋಡಬೇಕು. 2006ರ ಒಂದೇ ವರ್ಷದಲ್ಲಿ 30,000ಕ್ಕೂ ಹೆಚ್ಚು ಜನ ಪಶ್ಚಿಮ ಆಫ್ರಿಕದ ತೀರದಿಂದ ಸ್ಪೇನ್‌ನ ಕ್ಯಾನರಿ ದ್ವೀಪಗಳನ್ನು ತಲುಪಿದ್ದರು. ಮೀನು ಹಿಡಿಯುವ ಪಿರೋಗ್ ಎಂಬ ಉದ್ದನೆಯ ಮರದ ದೋಣಿಗಳಲ್ಲಿ ಕುಳಿತು ಅಟ್ಲಾಂಟಿಕ್ ಸಾಗರವನ್ನು ಎದುರಿಸಿದ ಯುವಕರಲ್ಲಿ ಎಷ್ಟೋ ಜನ ದಡ ಸೇರಲೇ ಇಲ್ಲ. ಡಾಕಾರ್‌ನಿಂದ ಯುರೋಪಿನತ್ತ ಈ ಪ್ರವಾಹ ಹರಿಯುತ್ತಿದ್ದಾಗ ಡಿಯೋಪ್ ಎದುರು ದಿಕ್ಕಿನಿಂದ ಬಂದರು. 2009ರ ಅವರ ಕಾಲು ಗಂಟೆಯ ಕಿರುಚಿತ್ರದಲ್ಲಿ ಇರುವುದಿಷ್ಟೇ: ರಾತ್ರಿ, ಕಡಲ ದಂಡೆ, ಬೆಂಕಿಯ ಸುತ್ತ ಕುಳಿತ ಕೆಲವು ಗೆಳೆಯರು, ತನ್ನ ಸಮುದ್ರಯಾನವನ್ನು ವಿವರಿಸುವ ಸೆರಿನ್ಯ್ ಎಂಬ ಯುವಕ. ಅಲ್ಲಿ ಪರಿಣತರ ವಿಶ್ಲೇಷಣೆ ಇಲ್ಲ, ಕರುಣೆ ಉಕ್ಕಿಸುವ ಹಿನ್ನೆಲೆ ದನಿಯೂ ಇಲ್ಲ. ಮುಂದಿನ ಎಲ್ಲ ಕೆಲಸದ ಬೀಜ ಇಲ್ಲಿದೆ. ಯಾರು ಹೊರಟರು, ಯಾರು ಉಳಿದರು, ಹೋದದ್ದು ಯಾವ ರೂಪದಲ್ಲಿ ಮರಳುತ್ತದೆ ಎಂಬುದನ್ನು ಅವರು ಮತ್ತೆ ಮತ್ತೆ ಕೈಗೆತ್ತಿಕೊಂಡಿದ್ದಾರೆ.

2013ರ ‘ಮಿಲ್ ಸೊಲೈ’ ನನಗೆ ಅವರ ಚಿತ್ರಗಳಲ್ಲೆಲ್ಲ ಹೆಚ್ಚು ಪ್ರಿಯವಾದದ್ದು. ‘ಟುಕಿ ಬುಕಿ’ಯಲ್ಲಿ ಮೋರಿಯಾಗಿ ನಟಿಸಿದ್ದ ಮಗಾಯೆ ನಿಯಾಂಗ್ ನಲವತ್ತು ವರ್ಷಗಳ ನಂತರ ಏನಾಗಿದ್ದಾರೆ ಎಂದು ಹುಡುಕಿಕೊಂಡು ಹೋದ ಚಿತ್ರ ಅದು. ಡಾಕಾರ್‌ನ ವಾಹನಗಳ ನಡುವೆ ಉದ್ದ ಕೊಂಬಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿರುವ ಮುದುಕ ಅವರೇ. ಸಂಜೆ ಬಯಲಿನಲ್ಲಿ ಹಳೆಯ ಚಿತ್ರದ ಪ್ರದರ್ಶನ. ಪರದೆಯ ಮೇಲಿನ ತರುಣನನ್ನು ತೋರಿಸಿ, ಅದು ನಾನೇ ಎಂದು ಅವರು ಹೇಳಿದರೆ ಅಲ್ಲಿದ್ದ ಮಕ್ಕಳು ನಂಬುವುದಿಲ್ಲ. ಮೋರಿ ಕಥೆಯಲ್ಲಿ ಉಳಿದಂತೆ ಮಗಾಯೆ ಬದುಕಿನಲ್ಲೂ ಡಾಕಾರ್‌ನಲ್ಲೇ ಉಳಿದರು. ಚಿತ್ರದಲ್ಲಿ ಅಂಟಾ ಪಾತ್ರದ ನಟಿ ದೂರದ ಅಲಾಸ್ಕದಲ್ಲಿದ್ದಾರೆ. ಇಬ್ಬರ ನಡುವಿನ ಫೋನ್ ಮಾತುಕತೆಯಲ್ಲಿ ನಲವತ್ತು ವರ್ಷ ಕೇಳಿಸುತ್ತದೆ. ದೊಡ್ಡಪ್ಪನ ಹೆಸರನ್ನು ಮೆಟ್ಟಿಲು ಮಾಡಿಕೊಳ್ಳಬೇಕೆಂದಿದ್ದರೆ ಸುಲಭದ ದಾರಿಗಳಿದ್ದವು. ಮಾತಿ ಡಿಯೋಪ್ ಆ ಹಳೆಯ ಚಿತ್ರ ಹಿಂದೆ ಬಿಟ್ಟುಹೋದ ಮನುಷ್ಯನ ಬಳಿಗೆ ಹೋದರು.

ಇನ್ನು ದುಃಖ ಮಾರುವ ಆರೋಪ. 2019ರ ‘ಅಟ್ಲಾಂಟಿಕ್ಸ್’ ಅನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಡಾಕಾರ್‌ನ ಕಡಲ ತೀರದಲ್ಲಿ ಗಗನಚುಂಬಿ ಗೋಪುರವೊಂದು ಏಳುತ್ತಿದೆ. ತಿಂಗಳುಗಟ್ಟಲೆ ಕೂಲಿ ಸಿಗದ ಕಟ್ಟಡ ಕಾರ್ಮಿಕರು ಒಂದು ರಾತ್ರಿ ಯಾರಿಗೂ ಹೇಳದೆ ದೋಣಿ ಹತ್ತುತ್ತಾರೆ. ಸಮುದ್ರ ಚಿತ್ರದ ಉದ್ದಕ್ಕೂ ಕಾಣುತ್ತದೆ. ದೋಣಿ ಮುಳುಗುವ ದೃಶ್ಯ ಮಾತ್ರ ಇಲ್ಲ. ಚಿತ್ರೋತ್ಸವಗಳ ಕಣ್ಣೀರಿಗಾಗಿ ಸಿನಿಮಾ ಮಾಡುವವರು ಮೊದಲು ಚಿತ್ರೀಕರಿಸುವುದೇ ಆ ದೃಶ್ಯವನ್ನು. ಡಿಯೋಪ್ ಕ್ಯಾಮೆರಾವನ್ನು ದಡದಲ್ಲೇ, ಉಳಿದುಹೋದ ಹುಡುಗಿಯರ ಜೊತೆ ನಿಲ್ಲಿಸಿದ್ದಾರೆ. ಆಮೇಲೆ ಸತ್ತವರು ಆ ಹುಡುಗಿಯರ ಮೈಮೇಲೆ ಬರುತ್ತಾರೆ. ಕಣ್ಣುಗುಡ್ಡೆ ಬೆಳ್ಳಗಾದ ಹುಡುಗಿಯರು ನಡುರಾತ್ರಿ ಗುತ್ತಿಗೆದಾರನ ಮನೆಯಲ್ಲಿ ಕುಳಿತು ಬಾಕಿ ಕೂಲಿ ಕೇಳುತ್ತಾರೆ. ಹಣ ಕೈಗೆ ಬಂದ ಮೇಲೆ ಅವನ ಕೈಯಿಂದಲೇ ತಮಗೆ ಗೋರಿ ತೋಡಿಸುತ್ತಾರೆ. ಪೊಲೀಸ್ ತನಿಖೆಯ ಭಾಗ ಸ್ವಲ್ಪ ಎಳೆದಂತಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಸತ್ತವರು ಅನುಕಂಪ ಬೇಡದೆ ಲೆಕ್ಕ ಕೇಳುವ ಆ ದೃಶ್ಯಗಳ ಮುಂದೆ ಅದು ದೊಡ್ಡ ಕೊರತೆಯಲ್ಲ. ನಾಯಕಿ ಆಡಾ ಪಾತ್ರದ ಮಾಮ ಸಾನೆ ಮೊದಲು ಎಂದೂ ನಟಿಸಿದವರಲ್ಲ; ಡಾಕಾರ್ ಹೊರವಲಯದ ಥಿಯಾರೋಯ್‌ನಲ್ಲಿ ಡಿಯೋಪ್ ಕಣ್ಣಿಗೆ ಬಿದ್ದವರು. ಅದೇ ಥಿಯಾರೋಯ್‌ನ ಶಿಬಿರದಲ್ಲಿ 1944ರ ಡಿಸೆಂಬರ್ 1ರಂದು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ಗಾಗಿ ಹೋರಾಡಿ ಮರಳಿದ್ದ ಆಫ್ರಿಕದ ಸೈನಿಕರು ಬಾಕಿ ಸಂಬಳ ಕೇಳಿದಾಗ ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತ್ತು. ಆ ಇತಿಹಾಸ ಗೊತ್ತಿದ್ದವರಿಗೆ ‘ಅಟ್ಲಾಂಟಿಕ್ಸ್’ನ ಕೂಲಿಯ ಮಾತು ಬೇರೆಯೇ ತೂಕದಲ್ಲಿ ಕೇಳುತ್ತದೆ.

ಹಣದ ಪ್ರಶ್ನೆ ಗಂಭೀರವಾದದ್ದು, ಅದನ್ನು ಎತ್ತಿದ್ದಕ್ಕೆ ಕೃತಜ್ಞ. ಆದರೆ ಅದು ಡಿಯೋಪ್ ಅವರಿಂದ ಶುರುವಾದದ್ದಲ್ಲ. 1934ರ ಲವಾಲ್ ಆದೇಶದ ಪ್ರಕಾರ ಫ್ರಾನ್ಸ್‌ನ ಆಫ್ರಿಕ ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಆಡಳಿತದ ಅನುಮತಿ ಬೇಕಿತ್ತು. ಹೀಗಾಗಿಯೇ ಆಫ್ರಿಕದ ಮೊದಲ ತಲೆಮಾರಿನ ನಿರ್ದೇಶಕ ಪೋಲಾಂ ವಿಯೇರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಚಿತ್ರವನ್ನು ಪ್ಯಾರಿಸ್‌ನಲ್ಲೇ, ಸೇನ್ ನದಿಯ ದಡದಲ್ಲಿ ಮಾಡಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ ತಡೆಯುವ ಕೈಯೇ ಕೊಡುವ ಕೈಯಾಯಿತು: 1960ರ ದಶಕದಿಂದ ಫ್ರಾನ್ಸ್‌ನ ಸಹಕಾರ ಸಚಿವಾಲಯ ಆಫ್ರಿಕದ ನಿರ್ದೇಶಕರಿಗೆ ನೆರವು ನೀಡತೊಡಗಿತು. ಕೊಡುವವರಿಗೆ ಷರತ್ತುಗಳೂ ಇದ್ದವು. ಸೆನೆಗಲ್‌ನ ಹಿರಿಯ ನಿರ್ದೇಶಕ ಉಸ್ಮಾನ್ ಸೆಂಬೆನ್ 1968ರಲ್ಲಿ, ಅಲ್ಲಿನ ಜನ ಹೆಚ್ಚಾಗಿ ಆಡುವ ವೊಲೊಫ್ ಭಾಷೆಯ ಮೊದಲ ಪೂರ್ಣಪ್ರಮಾಣದ ಚಿತ್ರ ‘ಮಂಡಾಬಿ’ಯನ್ನು ಮಾಡಿದಾಗ, ಫ್ರೆಂಚ್ ಹಣ ಪಡೆದಿದ್ದರಿಂದ ಫ್ರೆಂಚ್ ಮಾತಿನ ಇನ್ನೊಂದು ಆವೃತ್ತಿಯನ್ನೂ ಚಿತ್ರೀಕರಿಸಬೇಕಾಯಿತು. ಸೆಂಬೆನ್ ಫ್ರೆಂಚ್ ಹಣ ಮುಟ್ಟಿದ ಕಾರಣಕ್ಕೆ ಅವರು ಸೆನೆಗಲ್‌ನವರಲ್ಲ ಎಂದು ಯಾರೂ ಹೇಳುವುದಿಲ್ಲ. ‘ಅಟ್ಲಾಂಟಿಕ್ಸ್’ನ ಮುಖ್ಯ ನಿರ್ಮಾಣ ಸಂಸ್ಥೆ ಪ್ಯಾರಿಸ್‌ನ ಲೆ ಫಿಲ್ಮ್ ದು ಬಾಲ್, ಡಾಕಾರ್‌ನ ಸಿನೆಕಾಪ್ ಮತ್ತು ಬೆಲ್ಜಿಯಂನ ಫ್ರಾಕಾಸ್ ಸಹನಿರ್ಮಾಪಕರು. ಆದರೂ ಚಿತ್ರದ ಮಾತು ಹೆಚ್ಚೂಕಡಿಮೆ ಪೂರ್ತಿ ವೊಲೊಫ್. ಐವತ್ತು ವರ್ಷಗಳಲ್ಲಿ ಆದ ಬದಲಾವಣೆಯನ್ನು ಇಲ್ಲಿ ಗುರುತಿಸಬಹುದು. ನಂತರ ಡಿಯೋಪ್ ಡಾಕಾರ್‌ನಲ್ಲೇ ಫಾಂಟಾ ಸಿ ಎಂಬ ನಿರ್ಮಾಣ ಸಂಸ್ಥೆಯನ್ನೂ ಕಟ್ಟಿದರು. ಹಣ ಪ್ಯಾರಿಸ್‌ನಿಂದ ಬಂದರೂ ಕೆಲಸ ಕಲಿಯುವ ಜಾಗ ಡಾಕಾರ್‌ನಲ್ಲಿರಬೇಕೆಂಬ ಈ ಪ್ರಯತ್ನ ನನಗೆ ಪ್ರಶಸ್ತಿಗಳಿಗಿಂತ ಮುಖ್ಯವಾಗಿ ಕಾಣುತ್ತದೆ. ತಾಯಿಯ ಕಡೆಯಿಂದ ಫ್ರೆಂಚರೇ ಆದ ನಿರ್ದೇಶಕ ಅಲೆನ್ ಗೋಮಿಸ್ ಕೂಡ ಡಾಕಾರ್‌ನಲ್ಲಿ ಯೆನ್ನೆಂಗ ಎಂಬ ಸಿನಿಮಾ ಕೇಂದ್ರವನ್ನು ಕಟ್ಟಿ ಇಂಥದೇ ಕೆಲಸಕ್ಕೆ ಕೈ ಹಾಕಿದ್ದಾರೆ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. 2019ರಲ್ಲಿ ಕಾನ್ ಚಿತ್ರೋತ್ಸವಕ್ಕೆ 72ನೆಯ ವರ್ಷ. ಅದರ ಮುಖ್ಯ ಸ್ಪರ್ಧೆಯಲ್ಲಿ ಕಪ್ಪು ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರಕ್ಕೆ ಜಾಗ ಸಿಕ್ಕಿದ್ದು ಆಗಲೇ, ಮೊದಲ ಬಾರಿಗೆ. ‘ಅಟ್ಲಾಂಟಿಕ್ಸ್’ ಅಲ್ಲಿನ ಎರಡನೆಯ ಅತಿ ದೊಡ್ಡ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿ ಗೆದ್ದಿತು. 2024ರಲ್ಲಿ ಅವರ ಸಾಕ್ಷ್ಯಚಿತ್ರ ‘ಡಹೋಮಿ’ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿ ಪಡೆಯಿತು.

‘ಡಹೋಮಿ’ಗೆ ಬಂದರೆ ನಿಮ್ಮ ಪತ್ರದ ಮೂಲ ತಕರಾರಿಗೇ ಬರುತ್ತೇವೆ. 1892ರಲ್ಲಿ ಫ್ರೆಂಚ್ ಪಡೆಗಳು ಡಹೋಮಿ ರಾಜ್ಯದ, ಅಂದರೆ ಈಗಿನ ಬೆನಿನ್‌ನ, ಅಬೋಮಿ ಅರಮನೆಯಿಂದ ದೋಚಿದ ವಸ್ತುಗಳಲ್ಲಿ 26ನ್ನು 2021ರ ನವೆಂಬರ್‌ನಲ್ಲಿ ಫ್ರಾನ್ಸ್ ಹಿಂದಿರುಗಿಸಿತು. ಅದಕ್ಕಾಗಿ 2020ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಪ್ಯಾರಿಸ್‌ನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ ಆ ವಿಗ್ರಹಗಳನ್ನು ಮರದ ಪೆಟ್ಟಿಗೆಗಳಿಗೆ ತುಂಬುವಾಗ ಡಿಯೋಪ್ ಕ್ಯಾಮೆರಾ ಒಂದು ಪೆಟ್ಟಿಗೆಯೊಳಗೇ ಇಳಿಯುತ್ತದೆ. ಮುಚ್ಚಳ ಬೀಳುತ್ತದೆ, ಪರದೆ ಕತ್ತಲಾಗುತ್ತದೆ, ಸ್ಕ್ರೂ ಬಿಗಿಯುವ ಸದ್ದು ಮಾತ್ರ ಕೇಳುತ್ತದೆ. ಆ ಕತ್ತಲೆಯಲ್ಲಿ 26ನೇ ವಸ್ತು, ಡಹೋಮಿಯ ರಾಜ ಗೆಝೊನ ವಿಗ್ರಹ, ಬೆನಿನ್‌ನ ಫಾನ್ ಭಾಷೆಯಲ್ಲಿ ಮಾತಾಡುತ್ತದೆ. ಮಾತು ಬರೆದವರು ಹೈಟಿಯ ಲೇಖಕ ಮಕೆಂಝಿ ಓರ್ಸೆಲ್. ಆಮೇಲೆ ಅಬೋಮಿ-ಕಲಾವಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಭಾಂಗಣದಲ್ಲಿ ಜಗಳಕ್ಕೆ ಬಿದ್ದಂತೆ ವಾದಿಸುತ್ತಾರೆ. ಸಾವಿರಾರು ವಸ್ತುಗಳಲ್ಲಿ 26 ಕೊಟ್ಟದ್ದು ಅವಮಾನ ಎನ್ನುವವರಿದ್ದಾರೆ, ಇದು ಆರಂಭ ಎನ್ನುವವರಿದ್ದಾರೆ. ನಿರ್ದೇಶಕಿ ತಮ್ಮ ತೀರ್ಪನ್ನು ಎಲ್ಲೂ ಹೇರುವುದಿಲ್ಲ. ಚಿತ್ರದ ಅವಧಿ ಸುಮಾರು ಒಂದು ಗಂಟೆ ಎಂಟು ನಿಮಿಷ. ಆ ವಾದವನ್ನು ಇನ್ನಷ್ಟು ಹೊತ್ತು ಕೇಳಬೇಕಿತ್ತು ಎನಿಸುತ್ತದೆ.

ಈಗ ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. 1892ರಲ್ಲಿ ಡಹೋಮಿಯ ಮೇಲೆ ದಂಡೆತ್ತಿ ಹೋದ ಫ್ರೆಂಚ್ ಪಡೆಯ ಮುಖ್ಯಸ್ಥನ ಹೆಸರು ಆಲ್ಫ್ರೆಡ್ ಡಾಡ್ಸ್. ಅವನು ಹುಟ್ಟಿದ್ದು 1842ರಲ್ಲಿ, ಸೆನೆಗಲ್‌ನ ಸೇಂಟ್ ಲೂಯಿಯಲ್ಲಿ, ಯುರೋಪ್ ಮತ್ತು ಆಫ್ರಿಕದ ರಕ್ತ ಬೆರೆತ ಕುಟುಂಬದಲ್ಲಿ. ಅರಮನೆಯ ಆಸ್ತಿಯನ್ನು ಪ್ಯಾರಿಸ್‌ಗೆ ಸಾಗಿಸಿದವನದೂ, ಅದು ಮರಳುವ ದಾರಿಯಲ್ಲಿ ಜೊತೆಗೆ ನಡೆದವರದೂ ಫ್ರಾನ್ಸ್ ಮತ್ತು ಸೆನೆಗಲ್ ಎರಡಕ್ಕೂ ಸೇರಿದ ಮನೆತನ. ಇಬ್ಬರೂ ಎರಡು ದೋಣಿಯವರೇ. ತಾಯ್ತಂದೆಯರ ದೇಶಗಳಿಂದ ಡಾಡ್ಸ್ ಬಗ್ಗೆಯಾಗಲಿ ಡಿಯೋಪ್ ಬಗ್ಗೆಯಾಗಲಿ ಏನನ್ನೂ ಮೊದಲೇ ಹೇಳಲು ಬರುತ್ತಿರಲಿಲ್ಲ. ಡಿಯೋಪ್ ಅವರ ಹದಿನೈದು ವರ್ಷಗಳ ಕೆಲಸವನ್ನು ವರ್ಷಕ್ರಮದಲ್ಲಿ ನೋಡಿದರೆ ಅವರು ಯಾವ ಕಡೆಗೆ ನಡೆಯುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಮತ್ತು ಆ ನಡಿಗೆ ಅವರ ಆಯ್ಕೆ. ನಮ್ಮ ಲೇಖಕರು ‘ಸೆನೆಗಲ್‌ನ ನಿರ್ದೇಶಕಿ’ ಎಂದು ಬರೆದದ್ದು ಈ ಅರ್ಥದಲ್ಲಿ. ಅದರಿಂದ ಅವರು ಫ್ರೆಂಚರಲ್ಲ ಎಂದಾಗುವುದಿಲ್ಲ. ಫ್ರಾನ್ಸ್‌ನ ಸಂಸ್ಥೆಗಳನ್ನು ಒಳಗಿನಿಂದ ಬಲ್ಲವರಾದ್ದರಿಂದಲೇ ಅಲ್ಲಿನ ವಸ್ತುಸಂಗ್ರಹಾಲಯದ ಕೆಲಸವನ್ನು ಅಷ್ಟು ಹತ್ತಿರದಿಂದ ತೋರಿಸಲು ಅವರಿಗೆ ಸಾಧ್ಯವಾಯಿತು.

ಆಸ್ಕರ್ ಬಗ್ಗೆ ಒಂದು ಸ್ಪಷ್ಟನೆ. ಈ ಚಿತ್ರಗಳು ಹೋದ ವರ್ಷಗಳಲ್ಲಿ ಅಂತರರಾಷ್ಟ್ರೀಯ ಚಿತ್ರಗಳ ವಿಭಾಗಕ್ಕೆ ನಿರ್ದೇಶಕರು ತಾವೇ ದೇಶ ಆರಿಸಿಕೊಂಡು ಹೋಗುವಂತಿರಲಿಲ್ಲ. ಪ್ರತಿ ದೇಶದ ಆಯ್ಕೆ ಸಮಿತಿ ಒಂದು ಚಿತ್ರವನ್ನು ಕಳುಹಿಸುತ್ತಿತ್ತು, ಆ ಚಿತ್ರದ ಸೃಜನಾತ್ಮಕ ಹಿಡಿತ ಬಹುಮಟ್ಟಿಗೆ ತನ್ನ ಪ್ರಜೆಗಳ ಅಥವಾ ನಿವಾಸಿಗಳ ಕೈಯಲ್ಲಿತ್ತೆಂದು ಖಚಿತಪಡಿಸಬೇಕಾಗುತ್ತಿತ್ತು. ‘ಅಟ್ಲಾಂಟಿಕ್ಸ್’ ಮತ್ತು ‘ಡಹೋಮಿ’ ಎರಡನ್ನೂ ಆರಿಸಿದ್ದು ಸೆನೆಗಲ್. ಎರಡೂ ಆಸ್ಕರ್‌ನ ಕಿರುಪಟ್ಟಿ ತಲುಪಿದವು. ಡಾಕಾರ್‌ನ ಸಮಿತಿ ಅವರನ್ನು ತಮ್ಮವರೆಂದು ಕಳುಹಿಸಿರುವಾಗ ಇಲ್ಲಿ ಕುಳಿತು ನಾವು ಅದನ್ನು ಅಲ್ಲಗಳೆಯುವುದು ಸರಿಯೆಂದು ನನಗೆ ತೋರುವುದಿಲ್ಲ.

ಆದ್ದರಿಂದ ತಿದ್ದುಪಡಿಯನ್ನು ಪ್ರಕಟಿಸುತ್ತಿಲ್ಲ. ನಿಮ್ಮ ಪತ್ರದ ಕೊನೆಯಲ್ಲಿದ್ದ ಸಲಹೆಯನ್ನು ಮಾತ್ರ ಸಂತೋಷದಿಂದ ಒಪ್ಪಿದ್ದೇವೆ. ಮುಂದಿನ ಸಂಚಿಕೆಯಿಂದ ನಮ್ಮ ಚಲನಚಿತ್ರ ಪುಟಗಳಲ್ಲಿ ಪ್ರತಿ ಚಿತ್ರದ ಹೆಸರಿನ ಕೆಳಗೆ ಅದನ್ನು ನಿರ್ಮಿಸಿದ ಎಲ್ಲ ದೇಶಗಳನ್ನೂ ನಮೂದಿಸುತ್ತೇವೆ. ‘ಡಹೋಮಿ’ಯ ಕೆಳಗೆ ಫ್ರಾನ್ಸ್, ಸೆನೆಗಲ್, ಬೆನಿನ್ ಎಂದು ಇರುತ್ತದೆ. ‘ಮಿಲ್ ಸೊಲೈ’ ನೋಡಿದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಮತ್ತೆ ಬರೆಯಿರಿ. ಆ ಪತ್ರಕ್ಕೆ ಪೂರ್ತಿ ಜಾಗ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ