ನರ್ಸಿಂಗ್ ಸೀಟು: ಹಾಸಿಗೆ ಲೆಕ್ಕ ಹಾಕದೆ ಹಣ ಕಟ್ಟಬೇಡಿ

ಪಿಯುಸಿ ಫಲಿತಾಂಶ ಬಂದಿದ್ದೇ ತಡ, ಕೊಡಗಿನ ಮೂಲೆಮೂಲೆಯಿಂದ ಅವೇ ಪ್ರಶ್ನೆಗಳು. ಅರ್ಜಿ ತುಂಬುವ ಕ್ರಮ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳನ್ನು ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಬೇಕು. ಏಜೆಂಟರೊಬ್ಬರು ಬೆಂಗಳೂರಿನ ಒಂದು ಕಾಲೇಜಿನ ಫೋಟೊ ತೋರಿಸಿದರು. ಐದು ಮಹಡಿ ಕಟ್ಟಡ, ಎ.ಸಿ. ಲ್ಯಾಬ್. ಈ ವಾರವೇ ಮುಂಗಡ ಕಟ್ಟಿದರೆ ರಿಯಾಯಿತಿಯಂತೆ. ಸೇರಿಸಬಹುದೇ? (ಸೋಮವಾರಪೇಟೆಯ ಓದುಗರು)

ಕಟ್ಟಬೇಡಿ. ಆತ ಕಟ್ಟಡ ತೋರಿಸಿದನೇ ಹೊರತು ಆಸ್ಪತ್ರೆ ತೋರಿಸಲಿಲ್ಲ. ನರ್ಸ್ ತಯಾರಾಗುವುದು ರೋಗಿಯ ಮಂಚದ ಪಕ್ಕದಲ್ಲಿ. ಲ್ಯಾಬಿನ ಬೊಂಬೆಗೆ ನೂರು ಸಲ ಸೂಜಿ ಚುಚ್ಚಿದರೂ, ಒಣಗಿ ಒಳಸರಿದ ಮುದುಕಿಯ ನರ ಹುಡುಕುವ ಕೈ ಬರುವುದಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬಿ.ಎಸ್ಸಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ (ಪೇರೆಂಟ್ ಹಾಸ್ಪಿಟಲ್) ಇರಬೇಕು, ಅದರಲ್ಲಿ ಶೇ 75ರಷ್ಟಾದರೂ ಭರ್ತಿಯಿರಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ಅನುಪಾತ. ಈಗ ಲೆಕ್ಕ ಹಾಕಿ. ವರ್ಷಕ್ಕೆ 60 ಸೀಟಾದರೆ ನಾಲ್ಕು ವರ್ಷದ್ದು ಸೇರಿ 240 ಮಂದಿ. ಅದೇ ಆವರಣದಲ್ಲಿ 40 ಸೀಟಿನ ಜಿಎನ್‌ಎಂ (ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ) ಇದ್ದರೆ ಇನ್ನೂ 120. ಒಟ್ಟು 360ರಲ್ಲಿ ಮೂರನೇ ಒಂದು ಭಾಗ ಒಂದೇ ಹೊತ್ತಿಗೆ ವಾರ್ಡಿಗಿಳಿದರೂ 120 ಮಂದಿ. ಅವರಿಗೆ ಬೇಕಾದ ರೋಗಿಗಳು 360. 100 ಹಾಸಿಗೆಯ ಸ್ವಂತ ಆಸ್ಪತ್ರೆಯಲ್ಲಿರುವುದು 75. ಉಳಿದದ್ದಕ್ಕೆ ಬೇರೆ ಆಸ್ಪತ್ರೆಗಳ ಜತೆ ಒಪ್ಪಂದವಿದೆ ಎನ್ನುತ್ತಾರೆ. ಆ ಒಪ್ಪಂದಪತ್ರ ಕೇಳಿ, ಅವಧಿ ಮುಗಿದಿದೆಯೇ ನೋಡಿ. ಅದೇ ಆಸ್ಪತ್ರೆಗೆ ಇನ್ನೆಷ್ಟು ಕಾಲೇಜಿನವರು ಬರುತ್ತಾರೆ ಎಂದು ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಕಾಲೇಜಿನವರ ಬಾಯಲ್ಲಿ ಈ ಸಂಖ್ಯೆ ಬರುವುದಿಲ್ಲ. ಬಸ್ಸಿನಲ್ಲಿ ಹೋಗಿಬರಲು ಎರಡು ತಾಸು ಬೇಕಾದರೆ ಆ ದಿನದ ಕಲಿಕೆ ರಸ್ತೆಯಲ್ಲೇ ಮುಗಿಯಿತು.

ಹೋಗುವುದಾದರೆ ಭಾನುವಾರ ಬೇಡ, ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ. ಅದಕ್ಕೆ ಮೊದಲು ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲಿ ಅದೇ ಹೊತ್ತಿಗೆ ಒಂದು ಸುತ್ತು ಹಾಕಿ, ನಿಜವಾದ ಆಸ್ಪತ್ರೆಯ ನೂಕುನುಗ್ಗಲು ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾಗಲಿ. ಆಮೇಲೆ ಆ ಕಾಲೇಜಿನ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ರೋಗಿಗಳನ್ನು ಎಣಿಸಿ. ಮಂಚದ ಮೇಲೆ ಸುಕ್ಕೇ ಬೀಳದ ಬೆಡ್‌ಶೀಟ್‌ಗಳೇ ಸಾಲಾಗಿ ಕಂಡರೆ ವಾಪಸ್ ಬನ್ನಿ.

ಹೆರಿಗೆ ಕೊಠಡಿಯ ಲೆಕ್ಕ ಇನ್ನೂ ಬಿಗಿ. ಒಬ್ಬೊಬ್ಬರಿಗೆ ಹತ್ತು ಸಹಜ ಹೆರಿಗೆ ಎಂದರೂ 60 ಮಂದಿಗೆ 600 ಬೇಕು. ತಿಂಗಳಿಗೆ 30 ಹೆರಿಗೆಯಾಗುವ ಕಡೆ ವರ್ಷಕ್ಕೆ 360, ಅದರಲ್ಲೂ ಸಿಸೇರಿಯನ್ ಕಳೆಯಬೇಕು. ಆಗ ಏನಾಗುತ್ತದೆ? ಒಂದು ಮಂಚದ ಸುತ್ತ ಎಂಟು ಹುಡುಗಿಯರು ನಿಲ್ಲುತ್ತಾರೆ, ಒಬ್ಬಳು ಗ್ಲೌಸ್ ಹಾಕುತ್ತಾಳೆ, ಎಂಟೂ ಲಾಗ್‌ಬುಕ್‌ನಲ್ಲಿ ‘ಮಾಡಿಸಿದೆ’ ಎಂದು ಬರೆಯಲಾಗುತ್ತದೆ.

ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯ ಲಾಗ್‌ಬುಕ್ ತೆರೆಸಿ ನೋಡಿ. ಬೇರೆಬೇರೆ ದಿನಾಂಕ, ಬೇರೆಬೇರೆ ಶಾಯಿ, ಅಂಚಿನಲ್ಲೊಂದು ಅಯೋಡಿನ್ ಕಲೆ ಇದ್ದರೆ ಪುಸ್ತಕ ವಾರ್ಡಿಗೆ ಹೋಗಿಬಂದಿದೆ. ಪುಟ ಪೂರ್ತಿ ಒಂದೇ ಪೆನ್ನು, ಮೇಲಿನಿಂದ ಕೆಳಗೆ ಒಂದೇ ಏಟಿಗೆ ಹಾಕಿದ ಸಹಿಗಳಾದರೆ ಪರೀಕ್ಷೆಯ ಹಿಂದಿನ ರಾತ್ರಿ ತುಂಬಿದ್ದು. ‘ಮೂತ್ರದ ನಳಿಕೆ (ಕ್ಯಾತಿಟರ್) ನೀನೇ ಹಾಕಿದೆಯಾ, ಪಕ್ಕದಲ್ಲಿ ನಿಂತು ನೋಡಿದೆಯಾ?’ ಎಂದು ಆಕೆಯನ್ನೇ ಕೇಳಿ.

ಕಾಲೇಜಿನ ಗೇಟಿನ ಬೋರ್ಡ್ ನಂಬಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಈ ವರ್ಷಕ್ಕೆ, ಬಿ.ಎಸ್ಸಿ. ನರ್ಸಿಂಗ್‌ಗೆ, ಎಷ್ಟು ಸೀಟಿಗೆ ಅನುಮತಿ ಇದೆ ಎಂಬ ಮೂರನ್ನೂ ನೋಡಿ. ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜಾದರೆ ಆ ಪಟ್ಟಿಯಲ್ಲಿರುವುದಿಲ್ಲ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ವಿಚಾರಿಸಿ. ನಾಲ್ಕೂ ವರ್ಷದ ಶುಲ್ಕ, ಹಾಸ್ಟೆಲ್, ಬಸ್ಸು, ಸಮವಸ್ತ್ರ, ಪರೀಕ್ಷೆ ಎಲ್ಲವನ್ನೂ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಏಜೆಂಟನ ಕೈಗೆ ಕೊಡಲೇಬೇಡಿ. ಸೀಟು ಬೇಡವೆಂದ ದಿನ ಅದನ್ನೇ ಒತ್ತೆ ಇಟ್ಟುಕೊಂಡು ಹಣ ಕೇಳುತ್ತಾರೆ.

ಪ್ರಶ್ನೆ: ಮಂಗಳೂರು ಮೇಲೋ, ಮೈಸೂರು ಮೇಲೋ? ವಾರಕ್ಕೊಮ್ಮೆ ಮನೆಗೆ ಬರಬೇಕು.

ಊರಿಗಿಂತ ಮೇಲಿನ ಲೆಕ್ಕ ಮುಖ್ಯ. ವಾರಕ್ಕೊಮ್ಮೆ ಬರುವ ಆಸೆ ಬಿಡಿ. ಥಿಯರಿಗೆ ಶೇ 80 ಹಾಜರಾತಿ ಸಾಕು, ಆದರೆ ಪದವಿ ಕೈಗೆ ಬರಲು ಕ್ಲಿನಿಕಲ್, ಅಂದರೆ ವಾರ್ಡ್ ಡ್ಯೂಟಿಯ, ಹಾಜರಾತಿ ಶೇ 100 ಆಗಲೇಬೇಕು. ತಪ್ಪಿದ ಡ್ಯೂಟಿಯನ್ನು ರಜೆಯಲ್ಲಿ ಮಾಡಿ ತೀರಿಸಬೇಕು. ಮಂಗಳೂರಿನ ದಾರಿಯಾದರೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ಗತಿ ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಂತೂ 22 ವಾರ ಇಂಟರ್ನ್‌ಶಿಪ್, ವಾರಕ್ಕೆ 48 ತಾಸು.

ಪ್ರಶ್ನೆ: ‘ನಾನ್ ಅಟೆಂಡಿಂಗ್’ ಸೀಟು ಇದೆಯಂತೆ. ಮನೆಯಲ್ಲೇ ಇದ್ದು ಪರೀಕ್ಷೆಗೆ ಹೋದರಾಯಿತಂತೆ.

ಅದು ಮೋಸ. ನರ್ಸ್ ಕೆಲಸಕ್ಕೆಂದು ವಿದೇಶಕ್ಕೆ ಅರ್ಜಿ ಹಾಕುವಾಗ ವಯಸ್ಕರು, ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ ಎಂದು ವಿಭಾಗವಾರು ತಾಸುಗಳ ದಾಖಲೆ ಕೇಳುತ್ತಾರೆ. ಅದಕ್ಕಿಂತ ಮೊದಲು, ಔಷಧದ ಪ್ರಮಾಣ ಲೆಕ್ಕ ಹಾಕಲು ಬಾರದವರ ಕೈಗೆ ಸಿಕ್ಕ ರೋಗಿಯ ಗತಿ ಯೋಚಿಸಿ.

ಪ್ರಶ್ನೆ: ಪಿಯುಸಿ ಕಲಾ ವಿಭಾಗ. ಬಿ.ಎಸ್ಸಿ. ಸಿಗುತ್ತದೆಯೇ?

ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಬೇಕೇಬೇಕು. ಜಿಎನ್‌ಎಂ ಮಾಡಿ ನೋಂದಣಿಯಾದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಹಾದಿ ಇದೆ.

ಪ್ರಶ್ನೆ: ನಮ್ಮೂರಲ್ಲೇ ಆರು ತಿಂಗಳ ನರ್ಸಿಂಗ್ ಕೋರ್ಸ್ ಇದೆ, ಸಾಲದೇ?

ಸಾಲದು. ರಾಜ್ಯ ಶುಶ್ರೂಷಾ ಪರಿಷತ್ತು ಅದಕ್ಕೆ ನರ್ಸ್ ಎಂಬ ನೋಂದಣಿ ಕೊಡುವುದಿಲ್ಲ.

ಪ್ರಶ್ನೆ: ಗಂಡು ಹುಡುಗರಿಗೆ ಸೀಟು ಕೊಡುತ್ತಾರೆಯೇ?

ಕೊಡುತ್ತಾರೆ. ಅವನಿಗೆ ಹಾಸ್ಟೆಲ್ ಎಲ್ಲಿ ಎಂದು ಮೊದಲೇ ಕೇಳಿಕೊಳ್ಳಿ.