ಮೊದಲ ಸಂಚಿಕೆಯಿಂದಲೇ ಶುರು ಮಾಡಿ

‘ಸಾಗಾ’ ಕಾಮಿಕ್ಸ್‌ನ ಮೊದಲ ಸಂಚಿಕೆ ಹೇಗಿದೆ, ಹತ್ತು ವರ್ಷದ ಮಗನಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಮಗನಿಗೆ ಖಂಡಿತ ಬೇಡ, ಇದು ದೊಡ್ಡವರದ್ದು. ನೀವು ಮಾತ್ರ ಓದಲೇಬೇಕು. 2012ರ ಈ ಸಂಚಿಕೆಯನ್ನು ನಾನು ಚಿಕ್ಕಮಗಳೂರಿನ ಮಳೆಯಲ್ಲಿ, ಕರೆಂಟ್ ಹೋದಾಗ ಟಾರ್ಚ್ ಹಿಡಿದು ಮುಗಿಸಿದೆ.

ಒಂದು ಗ್ರಹಕ್ಕೂ ಅದರ ಚಂದ್ರನಿಗೂ ಯುದ್ಧ. ಒಂದು ನಾಶವಾದರೆ ಇನ್ನೊಂದು ದಾರಿ ತಪ್ಪುತ್ತದೆ. ಹಾಗಾಗಿ ಜಗಳವನ್ನೇ ಬೇರೆಯವರ ನೆಲಕ್ಕೆ ಸಾಗಿಸಿದ್ದಾರೆ! ಎಂಥ ಯೋಚನೆ, ಅಲ್ವಾ? ರೆಕ್ಕೆಯ ಅಲಾನಾ, ಕೊಂಬಿನ ಮಾರ್ಕೋ ಒಬ್ಬರಿಗೊಬ್ಬರು ಶತ್ರು ಪಕ್ಷದವರು. ಅವರಿಬ್ಬರಿಗೆ ಮಗು ಹುಟ್ಟುವಲ್ಲಿಂದ ಕತೆ ಶುರು. ಹೇಳುವವಳು ಆ ಮಗುವೇ, ಹೇಜಲ್. ಕಾಮಿಕ್ಸ್‌ನಲ್ಲಿ ನಿರೂಪಣೆಗೆ ಹಾಕುವ ಚೌಕ ಅವಳ ಮಾತಿಗಿಲ್ಲ. ಚಿತ್ರ ಬರೆದ ಫಿಯೋನಾ ಸ್ಟೇಪಲ್ಸ್ ಅದನ್ನು ಕೈಬರಹದಲ್ಲೇ ಚಿತ್ರದ ಮೇಲೆ ತೇಲಿಬಿಟ್ಟಿದ್ದಾರೆ. ಅಲ್ಲಿ ಸ್ವಲ್ಪ ನಿಂತು ನೋಡಿ. ಹೆಸರುಗಳು ಜಾಸ್ತಿ, ಎರಡನೇ ಸಲ ಓದಿದಾಗ ತಲೆಯಲ್ಲಿ ಕೂರುತ್ತವೆ.